ನವೀಕರಿಸಿದ ಮನೆಗೆ ಒಪ್ಪುವ ತೋಟ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಹಳೆಯ ಮನೆಯನ್ನು ಈಚೆಗೆ ಆಧುನಿಕ ರೀತಿಯಲ್ಲಿ ನವೀಕರಿಸಿದ್ದೇವೆ. ಹಿಂಬದಿಯ ಗೋಡೆ ತೆಗೆಸಿ, ಅಡುಗೆಮನೆ ಮತ್ತು ಊಟದ ಕೋಣೆಯನ್ನು ಒಂದಾಗಿಸಿ, ನೆಲದಿಂದ ಚಾವಣಿಯವರೆಗೆ ಜಾರುವ ಗಾಜಿನ ಬಾಗಿಲುಗಳನ್ನು ಹಾಕಿಸಿದ್ದೇವೆ. ಗಾಜಿನಾಚೆ ಇರುವ 10 ಮೀಟರ್ ಅಗಲ, 14 ಮೀಟರ್ ಉದ್ದದ ಹಿತ್ತಲು ಮಾತ್ರ ಕಟ್ಟಡದ ಕೆಲಸದಿಂದಾಗಿ ಗಟ್ಟಿಯಾಗಿ, ಇಟ್ಟಿಗೆ ಚೂರುಗಳಿಂದ ತುಂಬಿದೆ. ಮೂಲೆಯಲ್ಲಿ ಹಳೆಯ ಮರವೊಂದಿದೆ. ಮನೆಯಲ್ಲಿ ಐದು ಮತ್ತು ಎಂಟು ವರ್ಷದ ಮಕ್ಕಳೂ ಮೊಣಕಾಲು ನೋವಿರುವ ಅತ್ತೆಯವರೂ ಇದ್ದಾರೆ. ಮರ ಕಡಿಸಿ, ಇಡೀ ಹಿತ್ತಲಿಗೆ ಟೈಲ್ಸ್ ಹಾಕಿಸಿ, ಸುತ್ತಲೂ ಕುಂಡಗಳನ್ನಿಟ್ಟರೆ ಮನೆಗೆ ಒಪ್ಪುತ್ತದೆ ಎಂದು ಮೇಸ್ತ್ರಿಯವರು ಹೇಳುತ್ತಾರೆ. ನಾವು ಎಲ್ಲಿಂದ ಆರಂಭಿಸಬೇಕು?

ಉತ್ತರ: ಇಡೀ ಹಿತ್ತಲಿಗೆ ಟೈಲ್ಸ್ ಹಾಕಿಸುವ ಯೋಚನೆಯನ್ನು ದಯವಿಟ್ಟು ಕೈಬಿಡಿ. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರಾಗುತ್ತದೆ. ನಿಮ್ಮ 140 ಚದರ ಮೀಟರ್ ಹಿತ್ತಲಿನಲ್ಲಿ 20 ಮಿಲಿಮೀಟರ್ ಮಳೆಯಾದರೆ 2,800 ಲೀಟರ್ ನೀರು ಸೇರುತ್ತದೆ; ನೆಲವನ್ನು ಪೂರ್ತಿ ಮುಚ್ಚಿಬಿಟ್ಟರೆ ಅದು ಇಂಗಲು ಎಡೆಯೇ ಇರುವುದಿಲ್ಲ. ಬಿಸಿಲಿನ ಹೊತ್ತಿನಲ್ಲಿ ಟೈಲ್ಸ್‌ನ ಕಾವೂ ಕಣ್ಣು ಕುಕ್ಕುವ ಹೊಳಪೂ ನೇರವಾಗಿ ಗಾಜಿನ ಬಾಗಿಲಿಗೇ ಬಂದು ಬಡಿಯುತ್ತವೆ. ನೇರ ಗೆರೆಗಳ ಮನೆಗೆ ಚೆನ್ನಾಗಿ ಒಪ್ಪುವ ತೋಟದಲ್ಲಿ ನೆಲದ ವಿನ್ಯಾಸ ಮನೆಯ ಗೆರೆಗಳನ್ನು ಅನುಸರಿಸುತ್ತದೆ, ಗಿಡಗಳು ಮಾತ್ರ ಆ ಗೆರೆಗಳನ್ನು ದಾಟಿ ಧಾರಾಳವಾಗಿ ಚಾಚಿಕೊಳ್ಳುತ್ತವೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಆದ್ದರಿಂದ ಮೊದಲ ಕೆಲಸವನ್ನು ಮನೆಯ ಒಳಗಿನಿಂದಲೇ ಮಾಡಿ. ಅಡುಗೆ ಕಟ್ಟೆಯ ಮುಂದೆ ನಿಂತಾಗ, ಊಟದ ಮೇಜಿನ ಬಳಿ ಕುಳಿತಾಗ ಕಣ್ಣಿಗೆ ಏನೇನು ಬೀಳುತ್ತದೆ ಎಂದು ಗುರುತಿಸಿಕೊಳ್ಳಿ. ಅಳತೆಗೆ ತಕ್ಕಂತೆ ಹಿತ್ತಲಿನ ನಕ್ಷೆ ಬರೆದು, ಗಾಜಿನ ಬಾಗಿಲಿನ ಎರಡೂ ಅಂಚುಗಳಿಂದ ಮತ್ತು ನಡುವಿನ ಚೌಕಟ್ಟುಗಳಿಂದ ನೇರ ಗೆರೆಗಳನ್ನು ಹೊರಗೆ ಎಳೆಯಿರಿ. ಹೊರಗೆ ಕೂರುವ ಕಟ್ಟೆಯ ಅಂಚು, ಹುಲ್ಲುಹಾಸಿನ ಅಂಚು, ಗಿಡಗಳ ಪಾತಿಯ ಅಂಚು ಈ ಗೆರೆಗಳ ಮೇಲೆಯೇ ಬಂದರೆ ಮನೆಗೂ ತೋಟಕ್ಕೂ ಸಂಬಂಧ ತಾನಾಗಿಯೇ ಕೂಡಿಬರುತ್ತದೆ. ಕಾಗದದ ಮೇಲೆ ಮೆಚ್ಚಿಗೆಯಾದದ್ದನ್ನು ಗೂಟ ಹೊಡೆದು, ದಾರ ಕಟ್ಟಿ, ಕೆಲವು ದಿನ ಹಾಗೆಯೇ ಬಿಟ್ಟು ನೋಡಿ. ಮಕ್ಕಳು ಎಲ್ಲಿ ಓಡುತ್ತಾರೆ, ಬಟ್ಟೆ ಒಣಹಾಕಲು ಯಾವ ದಾರಿಯಲ್ಲಿ ಹೋಗುತ್ತೀರಿ ಎಂಬುದೆಲ್ಲ ಆಗ ತಿಳಿಯುತ್ತದೆ.

ಬಾಗಿಲಿನ ಹೊರಗೆ ಕೂರುವ ಜಾಗವನ್ನು ಕಿರಿದಾಗಿ ಮಾಡಬೇಡಿ. ಆರು ಜನರ ಮೇಜು ಸುಮಾರು 90 ಸೆಂಟಿಮೀಟರ್ ಅಗಲವಿದ್ದು, ಕುರ್ಚಿ ಹಿಂದಕ್ಕೆ ಎಳೆದು ಏಳಲು ಎರಡೂ ಬದಿಗೆ ಅಷ್ಟಷ್ಟೇ ಜಾಗ ಬೇಕಾಗುವುದರಿಂದ 3 ಮೀಟರಿಗಿಂತ ಕಡಿಮೆ ಆಳದ ಕಟ್ಟೆ ಬಳಕೆಗೆ ಬರುವುದಿಲ್ಲ. ಒಳಗಿನ ನೆಲದ ಬಣ್ಣಕ್ಕೆ ಹತ್ತಿರವಾದ, ಒದ್ದೆಯಾದರೂ ಜಾರದ ಒರಟು ಕಲ್ಲನ್ನು ಆರಿಸಿಕೊಳ್ಳಿ. ಇಡೀ ತೋಟದಲ್ಲಿ ಕಲ್ಲು, ಮರ, ಜಲ್ಲಿ ಹೀಗೆ ಎರಡು ಮೂರು ಸಾಮಗ್ರಿಗಳಿಗಿಂತ ಹೆಚ್ಚು ಬೇಡ.

ಇಲ್ಲೊಂದು ವಿಷಯದಲ್ಲಿ ಮೇಸ್ತ್ರಿಯವರೊಂದಿಗೆ ನೀವು ಖಚಿತವಾಗಿ ಮಾತನಾಡಬೇಕು. ಒಳಗಿನ ನೆಲ ಮತ್ತು ಹೊರಗಿನ ಕಟ್ಟೆ ಒಂದೇ ಮಟ್ಟದಲ್ಲಿದ್ದರೆ ನೋಡಲು ಚೆಂದ, ಅತ್ತೆಯವರ ಮೊಣಕಾಲಿಗೂ ಹಿತ. ಆದರೆ ಗೋಡೆಯ ಬುಡದಲ್ಲಿ ತೇವ ಮೇಲೇರದಂತೆ ಹಾಕುವ ತಡೆಪದರದಿಂದ ಹೊರಗಿನ ನೆಲ ಸಾಮಾನ್ಯವಾಗಿ 15 ಸೆಂಟಿಮೀಟರ್ ಕೆಳಗಿರಬೇಕು. ಆದ್ದರಿಂದ ಬಾಗಿಲಿನ ಅಗಲದಷ್ಟು ಮಾತ್ರ ಮಟ್ಟವನ್ನು ಎತ್ತರಿಸಿ, ಹೊಸ್ತಿಲಿನುದ್ದಕ್ಕೂ ಜಾಲರಿ ಮುಚ್ಚಿದ ನೀರುಗಾಲುವೆ ಮಾಡಿಸಿ, ಎತ್ತರಿಸಿದ ಭಾಗ ಅಕ್ಕಪಕ್ಕದ ಗೋಡೆಗೆ ತಾಗದಂತೆ ಎಡೆ ಬಿಡಿಸಿ. ಕಟ್ಟೆಗೆ ಮೀಟರಿಗೆ ಒಂದೂವರೆ ಸೆಂಟಿಮೀಟರಿನಷ್ಟು ವಾಟ ಮನೆಯಿಂದ ಆಚೆಗೆ ಇರಲಿ. ಈ ಇಳಿಜಾರು ಕಣ್ಣಿಗೆ ಕಾಣುವುದಿಲ್ಲ, ನೀರು ಮಾತ್ರ ನಿಲ್ಲುವುದಿಲ್ಲ.

ಇನ್ನು ಮಣ್ಣು. ಸಸಿಗಳನ್ನು ಕೊಳ್ಳುವ ಮೊದಲು 30 ಸೆಂಟಿಮೀಟರ್ ಆಳ, ಅಷ್ಟೇ ಅಗಲದ ಗುಂಡಿ ತೋಡಿ, ನೀರು ತುಂಬಿಸಿ ಇಂಗಲು ಬಿಡಿ. ಮತ್ತೊಮ್ಮೆ ತುಂಬಿಸಿ, ಒಳಗೊಂದು ಅಳತೆಪಟ್ಟಿ ನಿಲ್ಲಿಸಿ ನೋಡಿ. ಗಂಟೆಗೆ ಎರಡೂವರೆ ಸೆಂಟಿಮೀಟರಿನಷ್ಟು ನೀರು ಇಳಿದರೆ ಸಮಾಧಾನಪಡಬಹುದು. ಒಂದು ಸೆಂಟಿಮೀಟರೂ ಇಳಿಯದಿದ್ದರೆ ಯಂತ್ರಗಳ ಮತ್ತು ಕಾಲ್ತುಳಿತದ ಭಾರಕ್ಕೆ ಮಣ್ಣು ಬಿಗಿದುಕೊಂಡಿದೆ ಎಂದೇ ಹೆಚ್ಚಿನ ಸಂದರ್ಭಗಳಲ್ಲಿ ತಿಳಿಯಬೇಕು. ಗುಂಡಿಯ ಬದಿಯಲ್ಲಿ ಬೂದು ಬಣ್ಣದ ಗಾರೆಯ ಪದರಗಳು ಕಂಡರೆ ಅವುಗಳನ್ನು ತೆಗೆಸಿಹಾಕಿ, ಏಕೆಂದರೆ ಸಿಮೆಂಟು ಮತ್ತು ಸುಣ್ಣ ಮಣ್ಣನ್ನು ಕ್ಷಾರೀಯವಾಗಿಸುತ್ತವೆ. ಅಂಥ ಮಣ್ಣಿನಲ್ಲಿ ಕಬ್ಬಿಣದ ಅಂಶ ಬೇರಿಗೆ ದಕ್ಕದೆ ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ಹಳದಿಯಾಗುತ್ತವೆ. ಪಾತಿಗಳನ್ನು ಆಳವಾಗಿ ಅಗೆಸಿ, 5ರಿಂದ 8 ಸೆಂಟಿಮೀಟರ್ ದಪ್ಪ ಕಾಂಪೋಸ್ಟ್ ಹರಡಿ ಮೇಲ್ಮಣ್ಣಿನೊಂದಿಗೆ ಬೆರೆಸಿ. ಕೊಳ್ಳುವ ಗಿಡಗಳ ಸಂಖ್ಯೆಯನ್ನು ಅರ್ಧಕ್ಕೆ ಇಳಿಸಿದರೂ ಚಿಂತೆಯಿಲ್ಲ, ಈ ಕೆಲಸದಲ್ಲಿ ಉಳಿತಾಯ ಮಾಡಬೇಡಿ.

ಮರವನ್ನು ಉಳಿಸಿಕೊಳ್ಳಿ. ಅದು ಆರೋಗ್ಯವಾಗಿದೆಯೇ, ಬೇರು ಅಡಿಪಾಯಕ್ಕೆ ತೊಂದರೆ ಕೊಡುವಷ್ಟು ಹತ್ತಿರವಿದೆಯೇ ಎಂದು ತಿಳಿದವರಿಂದ ಪರೀಕ್ಷಿಸಿಕೊಳ್ಳಿ. ಅಂಥ ಅಪಾಯವಿಲ್ಲದಿದ್ದರೆ ಹೊಸ ಮನೆಗೆ ಅದರಷ್ಟು ಬೆಲೆಬಾಳುವ ವಸ್ತು ಇನ್ನೊಂದಿಲ್ಲ. ನೆರಳನ್ನು ಹಣ ಕೊಟ್ಟು ಒಂದೇ ವರ್ಷದಲ್ಲಿ ತರಲಾಗದು. ಆಹಾರ ಹೀರುವ ಬೇರುಗಳು ಬಹುಪಾಲು ಮೇಲ್ಮಣ್ಣಿನಲ್ಲೇ ಹರಡಿರುವುದರಿಂದ ಕೊಂಬೆಗಳ ಹರವಿನ ಕೆಳಗೆ ಮಣ್ಣು ಏರಿಸುವುದೂ ಆಳವಾಗಿ ಅಗೆಯುವುದೂ ಬೇಡ. ಅಲ್ಲಿ ತರಗೆಲೆಯ ಹೊದಿಕೆ ಹಾಕಿ, 45 ಸೆಂಟಿಮೀಟರ್ ಎತ್ತರದ ಬೆಂಚೊಂದನ್ನಿಡಿ. ಅತ್ತೆಯವರಿಗಾಗಿ ಕಟ್ಟೆಯಿಂದ ಆ ಬೆಂಚಿನವರೆಗೆ ಮೆಟ್ಟಿಲಿಲ್ಲದ, 1.2 ಮೀಟರ್ ಅಗಲದ ದಾರಿಯಿರಲಿ. ಇಬ್ಬರು ಜೊತೆಯಾಗಿ ನಡೆಯಲು ಅಷ್ಟು ಬೇಕು. ದಾರಿಯ ಪಕ್ಕದಲ್ಲಿ 60ರಿಂದ 75 ಸೆಂಟಿಮೀಟರ್ ಎತ್ತರದ ಮಡಿಯೊಂದನ್ನು ಕಟ್ಟಿಸಿದರೆ ಅವರು ಬಗ್ಗದೆ, ಅಂಚಿನಲ್ಲಿ ಕುಳಿತೇ ಸೊಪ್ಪು, ಹೂವು ಬೆಳೆಯಬಹುದು.

ಗೋಡೆಯುದ್ದಕ್ಕೂ ಒಂದಡಿ ಅಗಲದ ಪಾತಿ ಮಾಡಿ ಗಿಡಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದನ್ನು ಬಹಳ ಕಡೆ ಕಾಣುತ್ತೇವೆ. ಅದರಿಂದ ಗೋಡೆ ಮರೆಯಾಗುವ ಬದಲು ಇನ್ನಷ್ಟು ಎದ್ದು ಕಾಣುತ್ತದೆ. ಪಾತಿ ಕನಿಷ್ಠ ಒಂದೂವರೆ ಮೀಟರ್ ಅಗಲವಿರಲಿ. ಹಿಂದೆ ಪೊದೆ, ನಡುವೆ ತೆಳುವಾಗಿ ಬಾಗುವ ಹುಲ್ಲುಜಾತಿಯ ಗಿಡ, ಮುಂದೆ ನೆಲಕ್ಕೆ ಹರಡುವ ಸಸ್ಯ ಎಂದು ಗುಂಪುಗುಂಪಾಗಿ ನೆಡಿ. ಒಂದೊಂದು ಬಗೆಯೂ ತೋಟದಲ್ಲಿ ಎರಡು ಮೂರು ಕಡೆ ಮತ್ತೆ ಕಾಣಿಸಿಕೊಳ್ಳಲಿ.

ಮಕ್ಕಳ ಜಾಗ ಅಡುಗೆಮನೆಯಿಂದ ಕಾಣುವಂತಿರಬೇಕು. ಉಯ್ಯಾಲೆಯ ಕೆಳಗೆ ಕಲ್ಲು ಬೇಡ, ಬರಿಯ ಹುಲ್ಲೂ ಸಾಲದು. ಮರದ ಚಕ್ಕೆಯನ್ನು ದಪ್ಪವಾಗಿ ಹರಡಿ. ಮರಳಿನ ಗುಂಡಿಯನ್ನು ಮನೆಯ ಗೆರೆಗಳಿಗೆ ಹೊಂದುವ ಚೌಕದಲ್ಲಿ ಮಾಡಿಸಿದರೆ ಮಕ್ಕಳು ದೊಡ್ಡವರಾದ ಮೇಲೆ ಅದನ್ನೇ ಹೂವಿನ ಪಾತಿಯಾಗಿಸಬಹುದು. ಕಣಗಿಲೆ, ದತ್ತೂರ, ಹರಳು ವಿಷಕಾರಿಯಾದ್ದರಿಂದ ಈ ತೋಟದಲ್ಲಿ ಇವು ಬೇಡ.

ಪ್ರಶ್ನೆ: ನಮ್ಮಲ್ಲೂ ದೊಡ್ಡ ಗಾಜಿನ ಬಾಗಿಲುಗಳಾದ ಮೇಲೆ ನೆರೆಮನೆಯ ಮಹಡಿಯ ಕಿಟಕಿಯಿಂದ ನಮ್ಮ ಕೋಣೆ ಪೂರ್ತಿ ಕಾಣಿಸುತ್ತದೆ. ಕಾಂಪೌಂಡನ್ನು ಎತ್ತರಿಸುವುದೊಂದೇ ದಾರಿಯೇ?

ಉತ್ತರ: ಅಲ್ಲ. ನೀವು ಕೂರುವ ಜಾಗಕ್ಕೆ ಮರೆ ಎಷ್ಟು ಹತ್ತಿರವಿರುತ್ತದೆಯೋ ಅದರ ಎತ್ತರ ಅಷ್ಟು ಕಡಿಮೆಯಿದ್ದರೂ ಮೇಲಿನ ಕಿಟಕಿಯ ನೋಟ ಮುಚ್ಚಿಹೋಗುತ್ತದೆ. ಕಟ್ಟೆಯ ಅಂಚಿಗೆ ಬಳ್ಳಿಯ ಚಪ್ಪರ ಹಾಕಿಸಿ, ಇಲ್ಲವೇ ಆ ಕಿಟಕಿಯ ನೇರಕ್ಕೆ ಹಗುರವಾದ ಹರವಿನ ಚಿಕ್ಕ ಮರವೊಂದನ್ನು ನೆಡಿ. ಎಲ್ಲ ಕಡೆಯೂ ಮರೆ ಮಾಡಿದರೆ ಒಳಗೆ ಬೆಳಕು ಕಡಿಮೆಯಾಗುತ್ತದೆ.

ಪ್ರಶ್ನೆ: ತೋಟಕ್ಕೆ ದೀಪಗಳನ್ನು ಯಾವ ಹಂತದಲ್ಲಿ ಹಾಕಿಸಬೇಕು?

ಉತ್ತರ: ದೀಪಗಳನ್ನು ಕೊನೆಯಲ್ಲಿ ಕೂಡಿಸಿದರೆ ಸಾಕು. ಆದರೆ ತಂತಿಯ ಮತ್ತು ನೀರಿನ ಕೊಳವೆಗಳನ್ನು ಕಲ್ಲು ಹಾಸುವ ಮೊದಲೇ ಹೂಳಿಸಿ, ಅವು ಸಾಗುವ ದಾರಿಯನ್ನು ನಕ್ಷೆಯಲ್ಲಿ ಗುರುತಿಸಿಡಿ. 2,700ರಿಂದ 3,000 ಕೆಲ್ವಿನ್‌ನ (ಬೆಳಕಿನ ಬಣ್ಣದ ಅಳತೆ) ಬೆಚ್ಚನೆಯ, ಹಳದಿ ಛಾಯೆಯ ಬೆಳಕು, ಕೆಳಮುಖವಾಗಿ ಬೀಳುವಂತೆ, ದಾರಿಗೆ ಮತ್ತು ಮೆಟ್ಟಿಲಿಗೆ ಇರಲಿ. ಕತ್ತಲಾದ ಮೇಲೆ ಗಾಜು ಕನ್ನಡಿಯಂತೆ ಕೋಣೆಯನ್ನೇ ತೋರಿಸುವುದರಿಂದ, ಪಾತಿಯ ಹಿಂಭಾಗದಲ್ಲಿ ಒಂದೆರಡು ಮಂದ ದೀಪಗಳನ್ನಿಟ್ಟು ಒಳಗಿನ ಬೆಳಕನ್ನು ತಗ್ಗಿಸಿದರೆ ರಾತ್ರಿಯೂ ತೋಟ ಕಾಣುತ್ತದೆ.