ಸ್ಕ್ಯಾನಿಂಗ್ ರಿಪೋರ್ಟ್ ನೋಡಿ ಎದೆ ಧಸಕ್ಕೆಂದಾಗ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮೇಡಂ, ನನಗೆ 31 ವರ್ಷ, ಇದು ಮೊದಲ ಬಸಿರು. 12ನೇ ವಾರದ ಸ್ಕ್ಯಾನಿಂಗ್‌ನಲ್ಲಿ ಮಗುವಿನ ಕತ್ತಿನ ಹಿಂದಿನ ನೀರು, ಅದೇ ಎನ್‌ಟಿ ಅಂತಾರಲ್ಲ, ಅದು 3.1 ಮಿಲಿಮೀಟರ್ ಇದೆ ಅಂದರು. ರಕ್ತ ಪರೀಕ್ಷೆಯೂ ಸೇರಿ ಬಂದ ರಿಪೋರ್ಟ್‌ನಲ್ಲಿ ಡೌನ್ ಸಿಂಡ್ರೋಮ್‌ಗೆ ‘ಹೈ ರಿಸ್ಕ್, 140ಕ್ಕೆ 1’ ಅಂತ ಕೆಂಪು ಅಕ್ಷರದಲ್ಲಿದೆ. ಎನ್‌ಐಪಿಟಿ ಅನ್ನುವ ರಕ್ತ ಪರೀಕ್ಷೆ ಮಾಡಿಸಿ, ಇಲ್ಲಾಂದ್ರೆ ನೇರವಾಗಿ ಗರ್ಭದ ನೀರು ತೆಗೆದು ನೋಡುವ ಆಮ್ನಿಯೋ ಮಾಡಿಸಿ, ಯೋಚನೆ ಮಾಡಿ ಹೇಳಿ ಅಂದರು ಡಾಕ್ಟರು. ಹೊಟ್ಟೆಗೆ ಸೂಜಿ ಚುಚ್ಚಿಸಿಕೊಂಡರೆ ಮಗು ಹೋಗಿಬಿಡುತ್ತೆ ಅಂತ ಅತ್ತೆ ಅಳುತ್ತಾರೆ. ನನ್ನ ಗಂಡ ‘ನೀನು ಹೇಗೆ ಹೇಳ್ತೀಯೋ ಹಾಗೆ’ ಅನ್ನುತ್ತಾರೆ, ಅದೇ ನನಗೆ ಜಾಸ್ತಿ ಭಾರ ಆಗಿದೆ. ರಾತ್ರಿಯೆಲ್ಲ ಮೊಬೈಲ್‌ನಲ್ಲಿ ಹುಡುಕುತ್ತಾ ಕೂರುತ್ತೇನೆ. ನಾನೀಗ ಏನು ಮಾಡಲಿ?

ಉತ್ತರ: ಮೊದಲು ಆ ಕೆಂಪು ಅಕ್ಷರದ ವಿಷಯ ಮಾತಾಡೋಣ. 140ಕ್ಕೆ 1 ಅಂದರೆ, ಇದೇ ಥರದ ರಿಪೋರ್ಟ್ ಬಂದ 140 ತಾಯಂದಿರನ್ನು ಒಂದು ಕಡೆ ಕೂರಿಸಿದರೆ ಅವರಲ್ಲಿ ಒಬ್ಬರ ಮಗುವಿಗೆ ಡೌನ್ ಸಿಂಡ್ರೋಮ್, ಅಂದರೆ 21ನೇ ಕ್ರೋಮೋಸೋಮ್ ಒಂದು ಹೆಚ್ಚಿರುವ ತೊಂದರೆ, ಇರುತ್ತದೆ. ಉಳಿದ 139 ಮಕ್ಕಳಿಗೆ ಇರುವುದಿಲ್ಲ. ಹಾಗಂತ ಇದು ಏನೂ ಅಲ್ಲ ಅಂತ ನಾನು ಹೇಳುವುದಿಲ್ಲ. 30ರ ಆಸುಪಾಸಿನಲ್ಲಿ ಬರೀ ವಯಸ್ಸಿನ ಲೆಕ್ಕ ಹಿಡಿದರೆ ಆ ಸಂಭವ ಸುಮಾರು 900ಕ್ಕೆ 1 ಇರುತ್ತದೆ, ನಿಮ್ಮದು ಅದಕ್ಕಿಂತ ಏರಿದೆ ಅನ್ನೋದು ನಿಜ. ಆದರೆ ‘ಹೈ ರಿಸ್ಕ್’ ಅನ್ನುವ ಮಾತನ್ನು ಹಾಕಿದ್ದು ನಿಮ್ಮ ಮಗುವಿನ ಬಗ್ಗೆ ಏನೋ ಕಂಡುಹಿಡಿದವರಲ್ಲ, ಲ್ಯಾಬ್ ಎಳೆದುಕೊಂಡ ಒಂದು ಗೆರೆ. ಆ ಗೆರೆ ಒಂದು ಕಡೆ 150ಕ್ಕೆ 1, ಇನ್ನೊಂದು ಕಡೆ 250ಕ್ಕೆ 1. ಅದರ ಈಚೆ ಬಿದ್ದರೆ ಕೆಂಪು, ಆಚೆ ಬಿದ್ದರೆ ಹಸಿರು. ಅಂದರೆ 200ಕ್ಕೆ 1 ಬಂದ ತಾಯಿ ಒಂದು ಲ್ಯಾಬ್‌ನಲ್ಲಿ ನಗುತ್ತಾ ಹೊರಗೆ ಬರುತ್ತಾಳೆ, ಇನ್ನೊಂದರಲ್ಲಿ ಅಳುತ್ತಾ ಬರುತ್ತಾಳೆ. ಈ ಮೊದಲ ಹಂತದ ಪರೀಕ್ಷೆ ಮಾಡಿಸಿದ ಪ್ರತಿ 100 ಗರ್ಭಿಣಿಯರಲ್ಲಿ ಸುಮಾರು 5 ಜನಕ್ಕೆ ಮಗು ಚೆನ್ನಾಗಿದ್ದೂ ಹೀಗೆ ಕೆಂಪು ರಿಪೋರ್ಟ್ ಬರುತ್ತದೆ.

ಇನ್ನು ಆ 3.1. ಸ್ಕ್ಯಾನಿಂಗ್ ಮಾಡುವವರು ಮಗು ಪಕ್ಕಕ್ಕೆ ಮುಖ ಮಾಡಿ, ತಲೆಯನ್ನು ಬಗ್ಗಿಸದೆ ಎತ್ತದೆ ಇರುವ ಗಳಿಗೆಗೆ ಕಾಯುತ್ತಾರೆ. ಚಿತ್ರವನ್ನು ದೊಡ್ಡದು ಮಾಡಿ, ಕತ್ತಿನ ಹಿಂದೆ ಕಾಣುವ ಕಪ್ಪು ಪಟ್ಟಿಯ ಎರಡೂ ಅಂಚಿಗೆ ಒಂದೊಂದು ಕೂಡಿಸುವ ಚಿಹ್ನೆ ಇಡುತ್ತಾರೆ. ಚಿಹ್ನೆ ಕೂದಲೆಳೆಯಷ್ಟು ಸರಿದರೂ ಅಂಕಿ ಬದಲಾಗುತ್ತದೆ. ಮಗು ತಲೆ ಮೇಲೆತ್ತಿದ್ದರೆ ಅಳತೆ ಜಾಸ್ತಿ ಬರುತ್ತದೆ. ಅದಕ್ಕೇ ಒಳ್ಳೆಯ ಕಡೆ ಒಂದಕ್ಕಿಂತ ಹೆಚ್ಚು ಸಲ ಅಳೆಯುತ್ತಾರೆ, ಮಗುವಿನ ಉದ್ದ 45ರಿಂದ 84 ಮಿಲಿಮೀಟರ್ ಒಳಗಿದ್ದಾಗ ಮಾತ್ರ ಈ ಲೆಕ್ಕ ಹಾಕುತ್ತಾರೆ. ನಿಮ್ಮ ರಿಪೋರ್ಟ್‌ನಲ್ಲಿ ಸಿಆರ್‌ಎಲ್ ಅಂತ ಇರುತ್ತದಲ್ಲ, ಅದೇ ಆ ಉದ್ದ. ಅದನ್ನೂ ಡಾಕ್ಟರ ಹತ್ತಿರ ಕೇಳಿ, ಯಾಕೆಂದರೆ ಎಷ್ಟು ಉದ್ದದ ಮಗುವಿಗೆ ಈ 3.1 ಅನ್ನುವುದು ಮುಖ್ಯ.

ಈಗ ಮುಂದಿನ ಪರೀಕ್ಷೆ. ಯಾವುದು ಒಳ್ಳೆಯದು ಅಂತ ಎಲ್ಲರೂ ಕೇಳುತ್ತಾರೆ. ನಾನು ತಿರುಗಿ ನಿಮ್ಮನ್ನೇ ಕೇಳುತ್ತೇನೆ: ಉತ್ತರ ಸಿಕ್ಕಿದ ಮೇಲೆ ಅದನ್ನು ಏನು ಮಾಡುತ್ತೀರಿ? ಇದನ್ನು ಗಂಡ ಹೆಂಡತಿ ಇಬ್ಬರೇ ಕೂತು, ಫೋನು ಬದಿಗಿಟ್ಟು, ಒಮ್ಮೆ ಬಾಯಿಬಿಟ್ಟು ಮಾತಾಡಿ. ಡೌನ್ ಸಿಂಡ್ರೋಮ್ ಇದೆ ಅಂತ ಖಚಿತವಾದರೆ ಬಸಿರನ್ನು ಮುಂದುವರಿಸದಿರುವ ಯೋಚನೆ ಇರಬಹುದು. ಮುಂದುವರಿಸುತ್ತೇವೆ, ಆದರೆ ಮೊದಲೇ ಗೊತ್ತಿದ್ದರೆ ತಯಾರಾಗುತ್ತೇವೆ ಅನ್ನಬಹುದು. ಏನು ಬಂದರೂ ಈ ಮಗುವನ್ನು ಸಾಕುತ್ತೇವೆ, ಸುಮ್ನೆ ತಲೆಬಿಸಿ ಬೇಡ ಅನ್ನಲೂಬಹುದು. ಮೂರೂ ಸರಿಯಾದ ಉತ್ತರಗಳೇ. ಆದರೆ ಮೂರಕ್ಕೂ ಪರೀಕ್ಷೆ ಬೇರೆ ಬೇರೆ. ಇದನ್ನು ಮಾತಾಡಿಕೊಳ್ಳದೆ ಪರೀಕ್ಷೆಗೆ ಹೋದವರು ಫಲಿತಾಂಶ ಬಂದ ದಿನ ಮತ್ತೆ ಮೊದಲಿನಿಂದ ಶುರು ಮಾಡಬೇಕಾಗುತ್ತದೆ, ಅದೂ ಇನ್ನೂ ಕಡಿಮೆ ಸಮಯ ಇಟ್ಟುಕೊಂಡು.

ಎನ್‌ಐಪಿಟಿ ಅಂದರೆ ನಿಮ್ಮ ತೋಳಿನಿಂದ ತೆಗೆಯುವ ರಕ್ತ, ಅಷ್ಟೇ. ತಾಯಿಯ ರಕ್ತದಲ್ಲಿ ಮಗುವಿನ ಡಿಎನ್‌ಎ ಚೂರುಗಳು ತೇಲುತ್ತಿರುತ್ತವೆ ಅಂತ ಡೆನಿಸ್ ಲೋ ಮತ್ತು ಜೊತೆಗಾರರು 1997ರಲ್ಲಿ ತೋರಿಸಿಕೊಟ್ಟರು, ಈ ಪರೀಕ್ಷೆ ಹುಟ್ಟಿದ್ದು ಅಲ್ಲಿಂದ. 10ನೇ ವಾರದ ನಂತರ ಯಾವಾಗ ಬೇಕಾದರೂ ಮಾಡಿಸಬಹುದು, ಮಗುವಿಗೆ ಅಪಾಯವಿಲ್ಲ. ಡೌನ್ ಸಿಂಡ್ರೋಮ್ ಇದ್ದರೆ ನೂರರಲ್ಲಿ 99 ಸಲ ಹಿಡಿಯುತ್ತದೆ. ಆದರೆ ಒಂದು ಮಾತು ಚೆನ್ನಾಗಿ ನೆನಪಿಡಿ. ಆ ಚೂರುಗಳು ಬರುವುದು ಮಗುವಿನಿಂದ ನೇರವಾಗಿ ಅಲ್ಲ, ಮಾಸಿನಿಂದ. ಅಪರೂಪಕ್ಕೆ ಮಾಸಿನಲ್ಲಿ ದೋಷವಿದ್ದು ಮಗು ಸರಿಯಿರುತ್ತದೆ. ಹಾಗಾಗಿ ಎನ್‌ಐಪಿಟಿ ಎಷ್ಟೇ ಚೆನ್ನಾಗಿದ್ದರೂ ಅದೂ ಒಂದು ಜರಡಿ, ಕೊನೆಯ ತೀರ್ಪಲ್ಲ. ಅದರಲ್ಲಿ ‘ಪಾಸಿಟಿವ್’ ಬಂತು ಅಂತ ಯಾರೂ ಅದೊಂದನ್ನೇ ನಂಬಿ ಬಸಿರು ತೆಗೆಸಬಾರದು. ನಾನು ಈ ಮಾತನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಡೌನ್‌ಗೆ ಹೋಲಿಸಿದರೆ 18 ಮತ್ತು 13ನೇ ಕ್ರೋಮೋಸೋಮ್‌ಗಳ ತೊಂದರೆ ಇದೆ ಅಂತ ಬಂದಾಗ ಅದು ಸುಳ್ಳಾಗುವ ಸಾಧ್ಯತೆ ಇನ್ನೂ ಜಾಸ್ತಿ. ಕೆಲವೊಮ್ಮೆ ಫಲಿತಾಂಶವೇ ಬರುವುದಿಲ್ಲ, ಮಗುವಿನ ಡಿಎನ್‌ಎ ಪಾಲು ಕಡಿಮೆಯಿತ್ತು ಅನ್ನುತ್ತಾರೆ. ತಾಯಿಯ ತೂಕ ಹೆಚ್ಚಿದ್ದಾಗ ಹೀಗಾಗುವುದುಂಟು.

ಖಚಿತವಾಗಿ ಹೇಳುವ ಪರೀಕ್ಷೆ ಎರಡೇ. ಒಂದು ಸಿವಿಎಸ್, 11ರಿಂದ 14 ವಾರದೊಳಗೆ ಮಾಸಿನ ಚೂರು ತೆಗೆಯುವುದು. ಇನ್ನೊಂದು ಆಮ್ನಿಯೋ, 15 ವಾರ ತುಂಬಿದ ಮೇಲೆ ಗರ್ಭದ ನೀರು ತೆಗೆಯುವುದು. ಆಮ್ನಿಯೋ ಬಗ್ಗೆ ಅತ್ತೆಯವರ ಹೆದರಿಕೆ ಆಧಾರವಿಲ್ಲದ್ದಲ್ಲ. ಅಪಾಯ ಇದೆ. ಆದರೆ ಎಷ್ಟು? ಅನುಭವ ಇರುವವರು ಮಾಡಿದರೆ, ಈ ಪರೀಕ್ಷೆಯ ಕಾರಣಕ್ಕೇ ಗರ್ಭಪಾತ ಆಗುವುದು 200ಕ್ಕೆ 1ಕ್ಕಿಂತ ಕಡಿಮೆ. ಹಿಂದೆ 100ಕ್ಕೆ 1 ಅನ್ನುತ್ತಿದ್ದರು, ಬಹಳ ಜನರ ತಲೆಯಲ್ಲಿ ಆ ಹಳೆಯ ಲೆಕ್ಕವೇ ಉಳಿದಿದೆ. ಅತ್ತೆಯವರನ್ನೂ ಒಮ್ಮೆ ಡಾಕ್ಟರ ಹತ್ತಿರ ಜೊತೆಗೆ ಕರೆದುಕೊಂಡು ಹೋಗಿ, ಅವರೇ ಕೇಳಲಿ. ಹೊಟ್ಟೆ ಒರೆಸಿ, ಸ್ಕ್ಯಾನಿಂಗ್‌ನಲ್ಲಿ ನೋಡುತ್ತಲೇ ಮಗುವಿನಿಂದ ದೂರ ಇರುವ ನೀರಿನ ಜಾಗಕ್ಕೆ ತೆಳ್ಳನೆ ಸೂಜಿ ಇಳಿಸುತ್ತಾರೆ. ತೆಗೆಯುವುದು 15ರಿಂದ 20 ಮಿಲಿಲೀಟರ್, ತಿಳಿ ಹಳದಿ ನೀರು. ಸೂಜಿ ಒಳಗಿರುವುದು ಒಂದೆರಡು ನಿಮಿಷ. ಹೊಟ್ಟೆ ಒಮ್ಮೆ ಹಿಡಿದುಕೊಂಡ ಹಾಗಾಗುತ್ತದೆ, ಆಮೇಲೆ ಆ ದಿನ ಸ್ವಲ್ಪ ನೋವಿರಬಹುದು. ಜ್ವರ ಬಂದರೆ, ನೀರು ಸೋರಿದರೆ, ರಕ್ತ ಹೋದರೆ ತಡಮಾಡದೆ ಆಸ್ಪತ್ರೆಗೆ ಹೋಗಿ. ನಿಮ್ಮ ರಕ್ತದ ಗುಂಪು ನೆಗೆಟಿವ್ ಆಗಿದ್ದರೆ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಮೊದಲೇ ಕೇಳಿಕೊಳ್ಳಿ.

ನಿಮ್ಮ ವಿಷಯಕ್ಕೆ ಬಂದರೆ, ಕತ್ತಿನ ಹಿಂದಿನ ನೀರಿನ ಅಳತೆ 3.5 ಮಿಲಿಮೀಟರ್ ಮುಟ್ಟಿಲ್ಲ. ಸ್ಕ್ಯಾನಿಂಗ್‌ನಲ್ಲಿ ಬೇರೇನೂ ಕಂಡಿಲ್ಲ ಅಂತಾದರೆ, ಸೂಜಿಯ ಭಯ ಇರುವವರು ಮೊದಲು ಎನ್‌ಐಪಿಟಿ ಮಾಡಿಸುವುದು ಸಮಂಜಸವಾದ ದಾರಿ ಅಂತಲೇ ನನ್ನ ಅಭಿಪ್ರಾಯ. 3.5 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಹೀಗೆ ಹೇಳುತ್ತಿರಲಿಲ್ಲ. ಆಗ ಎನ್‌ಐಪಿಟಿ ನೋಡದೇ ಇರುವ ತೊಂದರೆಗಳೂ ಇರಬಹುದಾದ್ದರಿಂದ ನೇರವಾಗಿ ಸಿವಿಎಸ್ ಅಥವಾ ಆಮ್ನಿಯೋ ಮಾಡಿಸಿ, ಮೈಕ್ರೋಅರೇ ಅನ್ನುವ ಇನ್ನೂ ಸೂಕ್ಷ್ಮವಾದ ಕ್ರೋಮೋಸೋಮ್ ಪರೀಕ್ಷೆಯನ್ನೂ ಸೇರಿಸಲು ಹೇಳುವ ಡಾಕ್ಟರುಗಳೇ ಹೆಚ್ಚು, ಜೊತೆಗೆ ಮಗುವಿನ ಹೃದಯದ ಎಕೋ ಕೂಡ. ‘ಇದೆಯಾ ಇಲ್ಲವಾ’ ಅಂತ ನೂರಕ್ಕೆ ನೂರು ಗೊತ್ತಾಗದೆ ನಿಮಗೆ ನಿದ್ದೆ ಬರಲ್ಲ ಅಂತಾದರೆ ನಿಮಗೂ ಆಮ್ನಿಯೋ ತಪ್ಪಲ್ಲ. ನಿಮ್ಮ ಸ್ವಭಾವ ನಿಮಗೇ ಗೊತ್ತು.

ಕ್ಯಾಲೆಂಡರ್ ತೆಗೆದು ಒಮ್ಮೆ ಲೆಕ್ಕ ಹಾಕಿ. ಎನ್‌ಐಪಿಟಿ ಫಲಿತಾಂಶಕ್ಕೆ ಒಂದರಿಂದ ಎರಡು ವಾರ. ಅದರಲ್ಲಿ ಅನುಮಾನ ಬಂದರೆ ಹೊತ್ತಿಗೆ ಸರಿಯಾಗಿ ಆಮ್ನಿಯೋ ಸಮಯವೂ ಬಂದಿರುತ್ತದೆ. ಆಮ್ನಿಯೋದ ತುರ್ತು ಫಲಿತಾಂಶ ಕೆಲವೇ ದಿನದಲ್ಲಿ ಬರುತ್ತದೆ, ಪೂರ್ತಿ ಕ್ರೋಮೋಸೋಮ್ ರಿಪೋರ್ಟ್‌ಗೆ ಎರಡು ಮೂರು ವಾರ ಬೇಕು. ಬಸಿರು ಮುಂದುವರಿಸುವುದೋ ಬಿಡುವುದೋ ಅನ್ನುವುದಕ್ಕೆ ಒಂದೊಂದು ದೇಶದಲ್ಲಿ ಕಾನೂನಿನ ಗಡುವು ಬೇರೆ ಬೇರೆ ಇದೆ, ಅದನ್ನು ಈಗಲೇ ಡಾಕ್ಟರನ್ನು ಕೇಳಿ ಬರೆದಿಟ್ಟುಕೊಳ್ಳಿ. ಕೇಳಿದ ಮಾತ್ರಕ್ಕೆ ನೀವು ಯಾವ ತೀರ್ಮಾನವನ್ನೂ ಮಾಡಿದ ಹಾಗಲ್ಲ.

ಗಂಡನಿಗೆ ಒಂದು ಮಾತು ಹೇಳಿ. ‘ನೀನು ಹೇಗೆ ಹೇಳ್ತೀಯೋ ಹಾಗೆ’ ಅನ್ನುವುದು ಅವರಿಗೆ ಪ್ರೀತಿ ಅನ್ನಿಸಿರಬಹುದು, ನಿಮಗದು ಒಂಟಿತನ. ‘ನಿಮಗೆ ಏನನ್ನಿಸುತ್ತೆ, ಅದನ್ನ ಹೇಳಿ, ಆಮೇಲೆ ಸೇರಿ ತೀರ್ಮಾನ ಮಾಡೋಣ’ ಅಂತ ನೇರವಾಗಿ ಕೇಳಿ. ಮುಂದಿನ ಭೇಟಿಗೆ ಅವರೂ ಬರಲೇಬೇಕು. ಹೆದರಿಕೆಯಲ್ಲಿದ್ದಾಗ ಡಾಕ್ಟರು ಹೇಳಿದ್ದರಲ್ಲಿ ಅರ್ಧ ಕಿವಿಗೇ ಬೀಳುವುದಿಲ್ಲ. ಒಬ್ಬರು ಕೇಳಲಿ, ಇನ್ನೊಬ್ಬರು ಬರೆದುಕೊಳ್ಳಲಿ. ರಾತ್ರಿ ಮೊಬೈಲ್‌ನಲ್ಲಿ ಹುಡುಕುವುದನ್ನು ಮಾತ್ರ ದಯವಿಟ್ಟು ನಿಲ್ಲಿಸಿ. ಪ್ರಶ್ನೆ ಹೊಳೆದರೆ ಚೀಟಿಯಲ್ಲಿ ಬರೆದಿಟ್ಟು ಡಾಕ್ಟರಿಗೆ ಕೇಳಿ. ವಾರಗಟ್ಟಲೆ ನಿದ್ದೆ ಬರದೆ, ಊಟ ಸೇರದೆ ಹೋದರೆ ಅದನ್ನೂ ಅವರಿಗೆ ಹೇಳಿ, ಅದಕ್ಕೂ ಸಹಾಯ ಇದೆ.

ಪ್ರಶ್ನೆ: ನನ್ನ ಹೆಂಡತಿಗೆ 20ನೇ ವಾರದ ಸ್ಕ್ಯಾನಿಂಗ್ ಆಯಿತು. ಮಗುವಿನ ಮಿದುಳಿನಲ್ಲಿ ನೀರಿನ ಗುಳ್ಳೆ ಇದೆ, ಹೃದಯದಲ್ಲಿ ಬಿಳಿ ಚುಕ್ಕೆ ಇದೆ ಅಂತ ಬರೆದಿದ್ದಾರೆ. ಉಳಿದಿದ್ದೆಲ್ಲ ಸರಿಯಿದೆಯಂತೆ. ಮೊದಲು ಮಾಡಿಸಿದ್ದ ಎನ್‌ಐಪಿಟಿ ಲೋ ರಿಸ್ಕ್ ಬಂದಿತ್ತು. ಮಿದುಳು, ಹೃದಯ ಎರಡೂ ಹೋದ ಮೇಲೆ ಇನ್ನೇನು ಉಳೀತು ಅಂತ ಅವಳು ಹಾಸಿಗೆ ಬಿಟ್ಟು ಏಳುತ್ತಿಲ್ಲ. ಆಮ್ನಿಯೋ ಮಾಡಿಸಬೇಕಾ ಸರ್/ಮೇಡಂ?

ಉತ್ತರ: ಈ ಉತ್ತರವನ್ನು ಅವರಿಗೇ ಓದಿ ಹೇಳಿ. ಮಿದುಳೂ ಹೋಗಿಲ್ಲ, ಹೃದಯವೂ ಹೋಗಿಲ್ಲ.

ಆ ನೀರಿನ ಗುಳ್ಳೆಗೆ ಕೋರಾಯ್ಡ್ ಪ್ಲೆಕ್ಸಸ್ ಸಿಸ್ಟ್ ಅಂತ ಹೆಸರು. ಮಿದುಳಿನ ಸುತ್ತ ಇರುವ ನೀರನ್ನು ತಯಾರಿಸುವ ಭಾಗದಲ್ಲಿ ಒಂದು ಹನಿ ಸಿಕ್ಕಿಕೊಂಡಿರುತ್ತದೆ, ಅಷ್ಟೇ. ಮಗುವಿನ ಬುದ್ಧಿಗೂ ಅದಕ್ಕೂ ಸಂಬಂಧವಿಲ್ಲ. ಬಹುತೇಕ 28ನೇ ವಾರದ ಹೊತ್ತಿಗೆ ತಾನಾಗಿ ಮಾಯವಾಗುತ್ತದೆ. ಹೃದಯದ ಬಿಳಿ ಚುಕ್ಕೆಯೂ ರಂಧ್ರವಲ್ಲ, ಕಾಯಿಲೆಯಲ್ಲ. ಹೃದಯದೊಳಗಿನ ಸಣ್ಣ ಸ್ನಾಯುವಿನಲ್ಲಿ ಸುಣ್ಣದ ಅಂಶ ಕೂತು ಹೊಳೆಯುತ್ತದೆ. ಆರೋಗ್ಯವಾಗಿರುವ ಎಷ್ಟೋ ಮಕ್ಕಳಲ್ಲಿ ಇದು ಕಾಣುತ್ತದೆ.

ಹಾಗಾದರೆ ಬರೆದಿದ್ದು ಯಾಕೆ? ಕ್ರೋಮೋಸೋಮ್ ತೊಂದರೆ ಇರುವ ಮಕ್ಕಳಲ್ಲಿ ಇವು ಸ್ವಲ್ಪ ಹೆಚ್ಚಾಗಿ ಕಾಣುತ್ತವೆ ಅನ್ನುವ ಕಾರಣಕ್ಕೆ. ಗುಳ್ಳೆಯನ್ನು ನೋಡಿ ಡಾಕ್ಟರು ಯೋಚಿಸುವುದು ಟ್ರೈಸೋಮಿ 18, ಅಂದರೆ 18ನೇ ಕ್ರೋಮೋಸೋಮ್ ಒಂದು ಹೆಚ್ಚಿರುವ ತೊಂದರೆಯ ಬಗ್ಗೆ. ಆದರೆ ಆ ತೊಂದರೆ ಇದ್ದ ಮಗುವಿನಲ್ಲಿ ವಿವರವಾಗಿ ನೋಡಿದರೆ ಹೃದಯದಲ್ಲೋ, ಬಿಗಿಹಿಡಿದ ಕೈಬೆರಳುಗಳಲ್ಲೋ, ಬೆಳವಣಿಗೆಯಲ್ಲೋ ಬೇರೆ ಗುರುತು ಸಾಮಾನ್ಯವಾಗಿ ಸಿಕ್ಕೇ ಸಿಗುತ್ತದೆ. ನಿಮ್ಮಲ್ಲಿ ಉಳಿದಿದ್ದೆಲ್ಲ ಸರಿಯಿದೆ, ಎನ್‌ಐಪಿಟಿಯೂ ಚೆನ್ನಾಗಿದೆ. ಇಂಥ ಸಂದರ್ಭದಲ್ಲಿ ಸಾಮಾನ್ಯವಾಗಿ ಆಮ್ನಿಯೋ ಬೇಕಾಗುವುದಿಲ್ಲ. ಒಂದೇ ಒಂದು ಕೇಳಿ: ‘ಕೈಗಳು ಬಿಚ್ಚಿದ್ದು ಕಂಡಿರಾ, ಹೃದಯದ ನಾಲ್ಕೂ ಕೋಣೆ, ದೊಡ್ಡ ರಕ್ತನಾಳ ಎಲ್ಲ ಸರಿಯಾಗಿ ಕಂಡವಾ?’ ಹೌದು ಅಂದರೆ ಮನೆಗೆ ಹೋಗಿ ನೆಮ್ಮದಿಯಾಗಿರಿ. ಕತ್ತಿನ ಹಿಂದಿನ ಚರ್ಮ 6 ಮಿಲಿಮೀಟರ್ ಅಥವಾ ಜಾಸ್ತಿ ದಪ್ಪ, ಮೂಗಿನ ಮೂಳೆ ಕಾಣದಿರುವುದು, ಮಿದುಳಿನ ನೀರಿನ ಕೋಣೆ 10 ಮಿಲಿಮೀಟರ್ ಮುಟ್ಟಿರುವುದು, ಇಂಥವು ಬರೆದಿದ್ದರೆ ಮಾತು ಬೇರೆಯಾಗುತ್ತಿತ್ತು.

ಪ್ರಶ್ನೆ: ನನಗೆ 38. ಯಾವ ಕ್ರೋಮೋಸೋಮ್ ಪರೀಕ್ಷೆಯೂ ಬೇಡ ಅಂತ ನಾನೂ ನನ್ನವರೂ ತೀರ್ಮಾನ ಮಾಡಿದ್ದೇವೆ, ಹೇಗಿದ್ದರೂ ಮಗು ನಮ್ಮದೇ. ನನ್ನಕ್ಕ ಮಾತ್ರ ‘ಈ ವಯಸ್ಸಲ್ಲಿ ಕಣ್ಮುಚ್ಚಿ ಕೂತಿದ್ದೀಯಲ್ಲೇ, ಬೇಜವಾಬ್ದಾರಿ’ ಅಂತ ದಿನಾ ಬೈಯುತ್ತಾಳೆ. ನಾನು ತಪ್ಪು ಮಾಡುತ್ತಿದ್ದೇನಾ?

ಉತ್ತರ: ಇಲ್ಲ. ಬೇಡ ಅನ್ನುವ ಹಕ್ಕು ನಿಮಗಿದೆ. ಯೋಚಿಸಿ ಬೇಡ ಅಂದಿದ್ದೀರಿ, ಅದು ಕಣ್ಮುಚ್ಚಿ ಕೂರುವುದಲ್ಲ. ಅಕ್ಕ ಬೈಯುವುದು ನಿಮ್ಮ ಮೇಲಿನ ಕಾಳಜಿಗೆ, ಆದರೆ ಮಗು ಸಾಕುವವರು ನೀವು. ‘ಅಕ್ಕಾ, ನಾವಿಬ್ಬರೂ ಡಾಕ್ಟರ ಹತ್ತಿರ ಮಾತಾಡಿಯೇ ತೀರ್ಮಾನ ಮಾಡಿದ್ದೀವಿ, ಈ ವಿಷಯ ಇಲ್ಲಿಗೆ ಬಿಡು’ ಅಂತ ಒಮ್ಮೆ ಗಟ್ಟಿಯಾಗಿ ಹೇಳಿ.

ಒಂದೇ ಒಂದು ವಿಷಯ ಮಾತ್ರ ನನ್ನಿಂದ. 18ರಿಂದ 22 ವಾರದ ನಡುವಿನ ದೊಡ್ಡ ಸ್ಕ್ಯಾನಿಂಗ್ ಬಿಡಬೇಡಿ. ಅದು ಮಗುವನ್ನು ಇಟ್ಟುಕೊಳ್ಳುವುದೋ ಬಿಡುವುದೋ ಅನ್ನುವ ಪ್ರಶ್ನೆಗಷ್ಟೇ ಇರುವುದಲ್ಲ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಹೃದಯದ ತೊಂದರೆ ಇರುತ್ತದೆ, ಆ ಸಿಂಡ್ರೋಮ್ ಇಲ್ಲದ ಮಕ್ಕಳಿಗೂ ಇರಬಹುದು. ಮೊದಲೇ ಗೊತ್ತಿದ್ದರೆ ಹುಟ್ಟಿದ ಕೂಡಲೇ ಮಗುವಿನ ಹೃದಯ ನೋಡಬಲ್ಲವರು ಇರುವ ಆಸ್ಪತ್ರೆಯಲ್ಲೇ ಹೆರಿಗೆ ಆಗುವ ಹಾಗೆ ನೋಡಿಕೊಳ್ಳಬಹುದು. ‘ಹೇಗಿದ್ದರೂ ನಮ್ಮದೇ’ ಅನ್ನುವ ಮಗುವಿಗೆ ಇದರಿಂದ ನಿಜವಾದ ಉಪಯೋಗ ಇದೆ.

ಸ್ಕ್ಯಾನಿಂಗ್ ಕೋಣೆಗೆ ಹೋದ ತಕ್ಷಣ, ಮಲಗುವ ಮೊದಲೇ ಹೇಳಿಬಿಡಿ: ‘ಚಿಕಿತ್ಸೆಗೆ, ಹೆರಿಗೆಗೆ ಬೇಕಾದ್ದು ಏನೇ ಕಂಡರೂ ಹೇಳಿ. ಕ್ರೋಮೋಸೋಮ್ ಲೆಕ್ಕಾಚಾರದ ಸಣ್ಣಪುಟ್ಟ ಗುರುತುಗಳ ಬಗ್ಗೆ ನಮಗೆ ತಿಳಿಯುವುದು ಬೇಡ.’ ಇದನ್ನು ನಿಮ್ಮ ಕೇಸ್ ಶೀಟ್‌ನಲ್ಲೂ ಬರೆಸಿ, ಆಗ ಪ್ರತಿ ಸಲ ಹೊಸ ಡಾಕ್ಟರ ಮುಂದೆ ಮತ್ತೆ ಹೇಳುವುದು ತಪ್ಪುತ್ತದೆ. ಮುಂದೆ ಮನಸ್ಸು ಬದಲಾದರೂ ಪರವಾಗಿಲ್ಲ. ಆಮ್ನಿಯೋ, ಎನ್‌ಐಪಿಟಿ ಎರಡನ್ನೂ ಆ ಸ್ಕ್ಯಾನಿಂಗ್ ಆದ ಮೇಲೂ ಮಾಡಿಸಬಹುದು.