ಕಣ್ಣು ಮೂಗು ಬರೆದರೂ ಪಾತ್ರ ಯಾಕೆ ಕಣ್ಣಿಗೆ ಕಟ್ಟುವುದಿಲ್ಲ?

ನೀವು ಕೇಳಿದ್ದು ಇಷ್ಟು: 'ಕಥೆಯಲ್ಲಿ ಪ್ರತಿ ಪಾತ್ರದ ಎತ್ತರ, ಬಣ್ಣ, ಕಣ್ಣು, ಮೂಗು ಎಲ್ಲ ಬರೆಯುತ್ತೇನೆ. ಆದರೂ ಓದಿದವರು ಯಾರೂ ಕಣ್ಣಿಗೆ ಕಟ್ಟಲಿಲ್ಲ ಅಂತಾರೆ. ತಪ್ಪೆಲ್ಲಿ?' ಜೊತೆಗೆ ನಿಮ್ಮದೇ ಒಂದು ವಾಕ್ಯ ಕೊಟ್ಟಿದ್ದೀರಿ: 'ರಾಜೇಶ ಎತ್ತರದ, ಕಪ್ಪು ಬಣ್ಣದ, ಸಿಡುಕಿನ ಮನುಷ್ಯ.'

ನಾನೂ ಇದೇ ದಾರಿಯಲ್ಲಿ ಬಂದವನು. ನನ್ನ ಮೊದಲ ಕಥೆಯ ನಾಯಕಿಗೆ ಬಟ್ಟಲುಗಣ್ಣು, ಸಂಪಿಗೆ ಮೂಗು, ಮಾರುದ್ದ ಜಡೆ ಎಲ್ಲ ಕೊಟ್ಟಿದ್ದೆ. ಓದಿದ ಗೆಳೆಯ 'ಇದೇನು, ವಧು-ವರರ ಜಾಹೀರಾತಾ?' ಅಂದ. ಮೈಯೆಲ್ಲ ಉರಿಯಿತು. ಆದರೆ ಅವನು ಹೇಳಿದ್ದು ಸರಿ.

ಕಣ್ಣು ಮೂಗು ಅಪ್ಪ ಅಮ್ಮನಿಂದ ಬಂದದ್ದು. ಅದರಲ್ಲಿ ಆ ಮನುಷ್ಯನ ಕೈವಾಡ ಏನೂ ಇಲ್ಲ. ತನ್ನ ಮೈಮೇಲೆ ತಾನೇ ಮಾಡಿಕೊಂಡದ್ದು ಏನು ಅಂತ ನೋಡಿ. ನಮ್ಮೂರಲ್ಲಿ ಒಬ್ಬರು ಮೇಷ್ಟ್ರಿದ್ದರು. ಮುಖ ಈಗ ಸರಿಯಾಗಿ ನೆನಪಿಲ್ಲ, ಕಾಲರ್ ನೆನಪಿದೆ. ಅಂಗಿಯ ಕಾಲರ್ ಸವೆದು ಎಳೆ ಬಿಟ್ಟರೆ ದರ್ಜಿ ಹತ್ತಿರ ಬಿಚ್ಚಿಸಿ, ತಿರುವಿ ಹಾಕಿ ಹೊಲಿಸುತ್ತಿದ್ದರು. ಸವೆದ ಮಗ್ಗುಲು ಒಳಗೆ. ಬಿಸಿಲು ಕಾಣದ ಮಗ್ಗುಲು ಮೇಲೆ ಬಂದು, ಉಳಿದ ಅಂಗಿಗಿಂತ ಕಾಲರಿನ ಬಣ್ಣ ಸ್ವಲ್ಪ ಜಾಸ್ತಿ ಕಾಣುತ್ತಿತ್ತು. ಇಸ್ತ್ರಿ ಮಾತ್ರ ಖಡಕ್.

ಅದೇ ಮೇಷ್ಟ್ರು ಹೋಟೆಲಿನಲ್ಲಿ ಗೆಳೆಯರ ಜೊತೆ ಕಾಫಿ ಕುಡಿದರೆ ಎಲ್ಲರಿಗಿಂತ ಮೊದಲು ಎದ್ದು ಗಲ್ಲಾ ಹತ್ತಿರ ಹೋಗುತ್ತಿದ್ದರು. ದುಡ್ಡು ಕೊಟ್ಟು, 'ವಾಕಿಂಗ್ ಆಗುತ್ತೆ' ಅಂತ ಬಸ್ ಬಿಟ್ಟು ಮೂರು ಮೈಲಿ ನಡೆದು ಮನೆ ಸೇರುತ್ತಿದ್ದರು. ಈಗ ಹೇಳಿ, ಇವರ ಬಗ್ಗೆ 'ಸ್ವಾಭಿಮಾನಿ' ಅಂತ ಬೇರೆ ಬರೆಯಬೇಕಾ? ಬರೀ ಕಾಲರ್ ತೋರಿಸಿದ್ದರೆ ಜಿಪುಣ ಅನ್ನಿಸುತ್ತಿದ್ದರು. ಬರೀ ಕಾಫಿ ತೋರಿಸಿದ್ದರೆ ದೊಡ್ಡ ಕೈ ಅನ್ನಿಸುತ್ತಿದ್ದರು. ಎರಡೂ ಒಂದಕ್ಕೊಂದು ತಗುಲಿದಾಗಲೇ ಮೇಷ್ಟ್ರು ಕಾಣುವುದು.

ಅನಂತಮೂರ್ತಿಯವರ 'ಸಂಸ್ಕಾರ' (1965) ಓದಿದ್ದರೆ ಈ ಜಾಗ ನೆನಪಿರುತ್ತದೆ. ನಾರಣಪ್ಪ ಸತ್ತಿದ್ದಾನೆ. ಆಚಾರ ಕೆಟ್ಟವನ ಹೆಣಕ್ಕೆ ಸಂಸ್ಕಾರ ಮಾಡೋರು ಯಾರು ಅಂತ ಅಗ್ರಹಾರವೆಲ್ಲ ಹಿಂದೆ ಮುಂದೆ ನೋಡುತ್ತಿದೆ. ಆಗ ಅವನ ಜೊತೆ ಬಾಳಿದ ಚಂದ್ರಿ ತನ್ನ ಚಿನ್ನವನ್ನೆಲ್ಲ ಬಿಚ್ಚಿ, ಸಂಸ್ಕಾರದ ಖರ್ಚಿಗೆ ಅಂತ ಮುಂದಿಡುತ್ತಾಳೆ. ಅಷ್ಟೇ. ಅಲ್ಲಿವರೆಗೆ ಶಾಸ್ತ್ರದ ಮಾತಾಡುತ್ತಿದ್ದವರ ಮನಸ್ಸು ಆ ಒಡವೆಗಳ ಸುತ್ತ ಸುತ್ತತೊಡಗುತ್ತದೆ. ಒಡವೆ ಇದ್ದಾಗ ಅದು ಚಂದ್ರಿಯ ರೂಪದ ಭಾಗ. ಬಿಚ್ಚಿಟ್ಟಾಗ ಅವಳ ಗುಣ. ನೋಡುತ್ತಾ ನಿಂತವರ ಗುಣವೂ ಅದರಲ್ಲೇ ಬಯಲಾಯಿತು, ಅಲ್ವಾ?

ನೋಡಿದ ಕೂಡಲೇ ಗುಣ ಗೊತ್ತಾಗಲೇಬೇಕು ಅಂದರೆ ಅದು ಯಕ್ಷಗಾನದ ಕೆಲಸ. ಬಣ್ಣದ ವೇಷದವನು ಮುಖದ ತುಂಬ ಚಿಟ್ಟಿ, ಅಂದರೆ ಉಬ್ಬಿದ ಬಿಳಿ ಚುಕ್ಕೆ, ಇಟ್ಟು ಬಂದರೆ, ಗದ್ದೆಯ ಆ ಕೊನೆಯಲ್ಲಿ ಕೂತವನಿಗೂ ರಾಕ್ಷಸ ಬಂದ ಅಂತ ತಿಳಿಯುತ್ತದೆ. ಅಲ್ಲಿ ಅದು ಬೇಕು, ಚೆಂದವೂ ಹೌದು. ಕಥೆ ಓದುವವನು ಅಷ್ಟು ದೂರ ಕೂತಿಲ್ಲ. ಪಾತ್ರದ ಉಗುರಿನ ಕೊಳೆಯೂ ಅವನಿಗೆ ಕಾಣುತ್ತದೆ. (ಸಿಡುಕಿನವನನ್ನು ಕಪ್ಪಗೆ ಮಾಡುವುದನ್ನು ಮಾತ್ರ ದಯವಿಟ್ಟು ಬಿಟ್ಟುಬಿಡಿ. ಅದು ಬರೀ ಸೋಮಾರಿತನ.)

ನಿಮ್ಮ ರಾಜೇಶನನ್ನು ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

'ರಾಜೇಶ ಕಾಫಿ ಲೋಟ ಎತ್ತಿ ಮೂಸಿದ. ಕುಡಿಯದೆ ಹೆಂಡತಿಯ ಕಡೆ ಸರಿಸಿದ. ಅವಳು ಏನೂ ಕೇಳದೆ ಒಳಗೆ ಹೋಗಿ ಇನ್ನೊಂದು ಲೋಟ ತಂದಳು.'

ಸಿಡುಕು ಅನ್ನೋ ಪದವೇ ಇಲ್ಲ. ಅವಳು ಏನೂ ಕೇಳಲಿಲ್ಲ ನೋಡಿ, ಇದು ಇವತ್ತಿನದಲ್ಲ ಅಂತ ಅದರಲ್ಲೇ ಗೊತ್ತಾಗುತ್ತದೆ. ಇನ್ನು ಎತ್ತರ ಬೇಕೇ ಬೇಕು ಅಂದರೆ, ಹೊರಗೆ ಹೋಗುವಾಗ ಬಾಗಿಲಿಗೆ ಹಣೆ ಬಡಿಸಿಕೊಂಡು ಬಾಗಿಲಿಗೇ ಬೈಯಲಿ.