ಹುಟ್ಟದ ರಾಜ್ಯದ ಬೆಳ್ಳಿ ನಾಣ್ಯ

ಪ್ರಶ್ನೆ: ಮಗಳು ಅಮೆರಿಕದ ಒರೆಗಾನ್‌ನಲ್ಲಿದ್ದಾಳೆ. ಈ ಸಲ ಬಂದಾಗ ನನ್ನ ಸಂಗ್ರಹಕ್ಕೆ ಅಂತ ಒಂದು ಬೆಳ್ಳಿ ನಾಣ್ಯ ತಂದಳು. ಒಂದು ಕಡೆ ‘ಸ್ಟೇಟ್ ಆಫ್ ಜೆಫರ್ಸನ್, 1941’ ಅಂತಿದೆ. ಇನ್ನೊಂದು ಕಡೆ ಬಾಣಲೆಯಂಥದ್ದು, ಅದರೊಳಗೆ ಎರಡು ‘ಎಕ್ಸ್’. ಅಮೆರಿಕದ 50 ರಾಜ್ಯಗಳಲ್ಲಿ ಈ ಹೆಸರೇ ಇಲ್ಲ. ನಕಲಿ ಇರಬಹುದಾ? ಎಷ್ಟು ಬೆಲೆ ಬಾಳುತ್ತದೆ?
– ಓದುಗರೊಬ್ಬರು, ಮೈಸೂರು

ಉತ್ತರ: ಪಟ್ಟಿಯಲ್ಲಿ ಎಲ್ಲಿಂದ ಬರಬೇಕು ಸ್ವಾಮಿ, ಆ ರಾಜ್ಯ ಹುಟ್ಟಲೇ ಇಲ್ಲ!

ಕ್ಯಾಲಿಫೋರ್ನಿಯಾದ ಉತ್ತರ ತುದಿ, ಒರೆಗಾನ್‌ನ ದಕ್ಷಿಣ ತುದಿ. ತಾಮ್ರದ ಅದಿರು, ಮರಮುಟ್ಟು ಸಾಗಿಸಲು ನೆಟ್ಟಗೆ ರಸ್ತೆ ಇಲ್ಲ ಅಂತ ಅಲ್ಲಿನವರಿಗೆ ಸಿಟ್ಟು. 1941ರ ನವೆಂಬರ್‌ನಲ್ಲಿ ವೈರೀಕಾ ಊರಿನವರು ಬಂದೂಕು ಹಿಡಿದು ಹೆದ್ದಾರಿಗೆ ಇಳಿದರು. ಗುಂಡು ಹಾರಿಸಲಿಲ್ಲ, ಕಾರು ನಿಲ್ಲಿಸಿ ಕರಪತ್ರ ಹಂಚಿದರು. ಇನ್ನು ಮೇಲೆ ಪ್ರತಿ ಗುರುವಾರ ನಾವು ಬೇರೆ ರಾಜ್ಯ ಅಂತ ಅದರಲ್ಲಿತ್ತು. ವಾರಕ್ಕೊಂದು ದಿನದ ದಂಗೆ! ನೀವು ಬಾಣಲೆ ಅಂದದ್ದು ಹೊಳೆಯ ಮರಳಿನಲ್ಲಿ ಚಿನ್ನ ಜಾಲಿಸುವ ತಟ್ಟೆ. ಎರಡು ‘ಎಕ್ಸ್’ ಅಂದರೆ ‘ಡಬಲ್ ಕ್ರಾಸ್’, ಅಂದರೆ ಮೋಸ. ಒರೆಗಾನ್‌ನ ಸೇಲಂ, ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಎರಡೂ ರಾಜಧಾನಿಗಳು ನಮಗೆ ಕೈಕೊಟ್ಟವು ಅಂತ. ಡಿಸೆಂಬರ್ 4ರಂದು ಜಾನ್ ಚೈಲ್ಡ್ಸ್ ಎಂಬುವರನ್ನು ಗವರ್ನರ್ ಮಾಡಿಯೂ ಆಯಿತು. 7ರಂದು ಜಪಾನ್ ಪರ್ಲ್ ಹಾರ್ಬರ್ ಮೇಲೆ ಬಾಂಬ್ ಹಾಕಿತು. ಯುದ್ಧದ ಗದ್ದಲದಲ್ಲಿ ಹೊಸ ರಾಜ್ಯದ ಮಾತು ಯಾರಿಗೆ ಬೇಕು?

ಮೂರು ದಿನದ ಗವರ್ನರ್‌ಗೆ ಟಂಕಸಾಲೆ ಎಲ್ಲಿಂದ ಬರಬೇಕು? ನಿಮ್ಮಲ್ಲಿರುವುದು ಖಾಸಗಿಯವರು ನೆನಪಿಗೆಂದು ಅಚ್ಚು ಹಾಕಿ ಮಾರುವ ಸರಕು. ನಾನು ಬ್ಯಾಂಕಿನಲ್ಲಿ ಕ್ಯಾಶಿಯರ್ ಆಗಿದ್ದವನು, ಮೊದಲು ಮುಖಬೆಲೆ ನೋಡುವುದು ಅಭ್ಯಾಸ. ಇಂಥದರ ಮೇಲೆ ಡಾಲರ್ ಅಂತ ಬರೆದಿದ್ದರೂ ಅದು ಬರೀ ಶೋಕಿ, ಅಂಗಡಿಯಲ್ಲಿ ನಡೆಯುವುದಿಲ್ಲ. ಹಾಗಂತ ನಕಲಿಯೂ ಅಲ್ಲ. ಅಸಲಿಯೇ ಇಲ್ಲದಿದ್ದಾಗ ನಕಲಿ ಹೇಗಾಗುತ್ತದೆ? ನಾಣ್ಯ ಕೂಡಿಡುವವರು ಇದನ್ನು ‘ಫ್ಯಾಂಟಸಿ ಪೀಸ್’ ಅನ್ನುತ್ತಾರೆ.

ಬೆಲೆಗೆ ಬರೋಣ. ಭೂತಗನ್ನಡಿ ಹಿಡಿದು ಅಂಚಿನ ಸುತ್ತ ನೋಡಿ. ‘.999’ (ಅಪ್ಪಟ ಬೆಳ್ಳಿಯ ಗುರುತು) ಮತ್ತು ‘ಒಂದು ಟ್ರಾಯ್ ಔನ್ಸ್’ ಅಂತಿದ್ದರೆ ತೂಕ 31.1 ಗ್ರಾಂ ಬರಬೇಕು. ಪರಿಚಯದ ಚಿನ್ನಬೆಳ್ಳಿ ಅಂಗಡಿಯಲ್ಲಿ ತೂಗಿಸಿ, ಪರೀಕ್ಷೆಯನ್ನೂ ಮಾಡಿಸಿ. ಅಪ್ಪಟ ಬೆಳ್ಳಿಯಾದರೆ ಆವತ್ತಿನ ಬೆಳ್ಳಿ ದರ ನಿಮ್ಮದು. ‘ಸಿಲ್ವರ್ ಪ್ಲೇಟೆಡ್’ ಅಂತಿದ್ದರೆ ಮೇಲಿನದು ಬರೀ ಲೇಪ. ಜೊತೆಗೆ ಬಂದ ಸರ್ಟಿಫಿಕೇಟಿಗೆ ಜಾಸ್ತಿ ಮರುಳಾಗಬೇಡಿ, ಮಾರಿದವರೇ ತಮಗೆ ತಾವು ಕೊಟ್ಟುಕೊಂಡ ಶಿಫಾರಸು ಪತ್ರ ಅದು.

ಹುಟ್ಟದ ರಾಜ್ಯದವರೇ ಹೊರಡಿಸಿದ ನಾಣ್ಯವೂ ಇದೆ, ಗೊತ್ತಾ? 1849ರಲ್ಲಿ ಬ್ರಿಗಮ್ ಯಂಗ್ ಮುಂದಾಳತ್ವದ ಮಾರ್ಮನ್ ಪಂಥದವರು ‘ಡೆಸರೆಟ್’ ಎಂಬ ರಾಜ್ಯ ಕೇಳಿದರು. ಸಂಸತ್ತು ಒಪ್ಪಲಿಲ್ಲ, ಮಾರನೇ ವರ್ಷ ಯೂಟಾ ಪ್ರಾಂತ್ಯ ಅಂತ ಮಾಡಿ ಕೈತೊಳೆದುಕೊಂಡಿತು. ಅಷ್ಟರಲ್ಲಿ ಇವರು ಸಾಲ್ಟ್ ಲೇಕ್ ಸಿಟಿಯಲ್ಲಿ ಕ್ಯಾಲಿಫೋರ್ನಿಯಾದ ಚಿನ್ನ ತರಿಸಿ ಎರಡೂವರೆ, 5, 10, 20 ಡಾಲರ್ ನಾಣ್ಯ ಟಂಕಿಸಿಯೇಬಿಟ್ಟಿದ್ದರು. ಒಂದು ಮುಖದಲ್ಲಿ ಕೈ ಕುಲುಕುವ ಎರಡು ಹಸ್ತ, ಇನ್ನೊಂದರಲ್ಲಿ ಒಂದೇ ಒಂದು ಕಣ್ಣು. ಮುಖಬೆಲೆಯಷ್ಟು ಚಿನ್ನ ಅದರಲ್ಲಿ ಇಲ್ಲ ಅಂತ ಗೊತ್ತಾದ ಮೇಲೆ ಹೊರಗಿನ ವ್ಯಾಪಾರಿಗಳು ಮುಟ್ಟಲು ಹಿಂದೇಟು ಹಾಕಿದರು. ಈಗ ಅದೇ ನಾಣ್ಯಕ್ಕೆ ಹರಾಜಿನಲ್ಲಿ ಸಾವಿರಾರು ಡಾಲರ್! ನನ್ನ ಪಿಂಚಣಿಗೆ ಎಟುಕುವುದಿಲ್ಲ. 1860ರ 5 ಡಾಲರ್ ನಾಣ್ಯದಲ್ಲಿ ಮಲಗಿದ ಸಿಂಹವಿದೆ, ಅವರೇ ಹುಟ್ಟುಹಾಕಿದ ಡೆಸರೆಟ್ ಲಿಪಿಯ ಬರಹವಿದೆ. ಅದರ ಫೋಟೋ ಒಂದನ್ನು ಮಾತ್ರ ಮೇಜಿನ ಗಾಜಿನ ಕೆಳಗೆ ಇಟ್ಟುಕೊಂಡಿದ್ದೇನೆ.

ಪ್ರಶ್ನೆ: ಕಪ್ಪಾದ ಬೆಳ್ಳಿ ನಾಣ್ಯವನ್ನು ಹುಣಸೆಹಣ್ಣು ಹಾಕಿ ತಿಕ್ಕಬಹುದಾ?
– ಗೃಹಿಣಿಯೊಬ್ಬರು, ದಾವಣಗೆರೆ

ಉತ್ತರ: ದೀಪದ ಕಂಬಕ್ಕೆ ಹಾಕಿ ತಾಯಿ, ನಾಣ್ಯಕ್ಕೆ ಬೇಡ. ತಿಕ್ಕಿದರೆ ಸಣ್ಣ ಗೀರು ಬೀಳುತ್ತದೆ, ಕೊಳ್ಳುವವರು ಅದನ್ನೇ ತೋರಿಸಿ ಬೆಲೆ ಇಳಿಸುತ್ತಾರೆ. ಕಪ್ಪಾಗಿದ್ದರೆ ಇರಲಿ ಬಿಡಿ. ಅಂಚಿನಲ್ಲಿ ಹಿಡಿಯಿರಿ, ಪಿವಿಸಿ ಎಂಬ ಪ್ಲಾಸ್ಟಿಕ್ ಇಲ್ಲದ ಕವರಿನಲ್ಲಿಡಿ.